ಎಂಟು ಎಣಿಸುವಷ್ಟು ಹೊತ್ತು

ಭಾನುಮತಿಯ ಮನೆಯಲ್ಲಿ ಯಾವ ಹಾಳೆಯೂ ಬರಿದಾಗಿ ಶುರುವಾಗುತ್ತಿರಲಿಲ್ಲ. ಅವಳ ತಂದೆ ಕೃಷ್ಣಸ್ವಾಮಿಯವರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾಗಿ, ಕೃಷ್ಣರಾಜಪುರದಲ್ಲಿ ಸಣ್ಣ ಮನೆ ಕಟ್ಟಿಕೊಂಡವರು. ಪೆನ್ನು ಕೈಗೆ ಬಂದರೆ ಮೊದಲು ಹಾಳೆಯ ನೆತ್ತಿಯ ಮೇಲೆ ‘ಶ್ರೀ’ ಬರೆಯಬೇಕು, ಉಳಿದದ್ದೆಲ್ಲ ಆಮೇಲೆ. ದಿನಸಿ ಚೀಟಿಗೂ ಶ್ರೀ, ಕೊಳಾಯಿಯಲ್ಲಿ ನೀರು ಬರುತ್ತಿಲ್ಲವೆಂದು ಬರೆದ ದೂರಿಗೂ ಶ್ರೀ. ಆ ದೂರನ್ನು ಓದಿ ಯಾರಿಗೂ ಭಕ್ತಿ ಬಂದಂತೆ ಕಾಣಲಿಲ್ಲ, ನೀರಂತೂ ಬರಲೇ ಇಲ್ಲ, ಆದರೂ ಅವರು ಬಿಟ್ಟವರಲ್ಲ. ಸ್ಲೇಟು ಹಿಡಿದ ದಿನದಿಂದ ಮಗಳಿಗೂ ಅದೇ ರೂಢಿಯಾಯಿತು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಗುರುತು ಹಾಕಬಾರದೆಂದು ಹೇಳಿದ್ದರೂ ಭಾನುಮತಿ ಮೂಲೆಯಲ್ಲಿ ಸಾಸಿವೆ ಗಾತ್ರದಲ್ಲಿ ಶ್ರೀ ಬರೆದೇ ಉತ್ತರ ಶುರುಮಾಡುತ್ತಿದ್ದಳು.

ಬಿ.ಎ. ಮುಗಿಸಿ, ಟೈಪಿಂಗಿನಲ್ಲಿ ಸೀನಿಯರ್ ಪಾಸು ಮಾಡಿಕೊಂಡು, ಹೂಡಿಯ ಹತ್ತಿರದ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟಾಗಿ ಸೇರಿದಳು. ಕಾರ್ಖಾನೆಯ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಯಾರಿಗೂ ಏನೂ ಆಗುವುದಿಲ್ಲ, ಮಾಲೀಕರ ಮಕ್ಕಳು ಈಗ ಇನ್ನೂ ದೊಡ್ಡವರಾಗಿದ್ದಾರೆ. ತಗಡನ್ನು ಪ್ರೆಸ್ಸಿನಲ್ಲಿ ಒತ್ತಿ ನೀರಿನ ಪಂಪಿಗೆ ಮುಚ್ಚಳ ಮಾಡುವುದು ಅಲ್ಲಿನ ಕೆಲಸ. ಆಳೆತ್ತರದ ಪ್ರೆಸ್ಸುಗಳು, ಕೆಳಗೊಂದು ಅಚ್ಚು, ಮೇಲೊಂದು ಅಚ್ಚು. ನಡುವೆ ತಗಡು ಇಡಬೇಕು. ಮೇಲಿನ ಅಚ್ಚು ಇಳಿದು ಏಳುತ್ತದೆ, ಮುಚ್ಚಳ ತೆಗೆದು ಇನ್ನೊಂದು ತಗಡು ಇಡಬೇಕು. ಬೆಳಗಿನಿಂದ ಸಂಜೆಯವರೆಗೆ ಇಷ್ಟೇ.

೧೯೮೭ರ ಫೆಬ್ರವರಿಯಲ್ಲಿ ಅಲ್ಲಿಗೆ ಕಂಪ್ಯೂಟರ್ ಬಂತು. ಗಾಜಿನ ಕೋಣೆ ಕಟ್ಟಿಸಿ, ಏಸಿ ಹಾಕಿಸಿ, ಅದನ್ನು ಕೂರಿಸಿದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಅದರಿಂದ ಒಂದು ವೈರು ಹೊರಟು ನಾಲ್ಕನೇ ನಂಬರಿನ ಪ್ರೆಸ್ಸಿಗೆ ಹೋಗುತ್ತಿತ್ತು. ಇನ್ನು ಮೇಲೆ ಆ ಪ್ರೆಸ್ಸು ತಾನಾಗಿಯೇ ಇಳಿದು ಏಳುತ್ತದೆ, ಒಮ್ಮೆ ಬಟನ್ ಒತ್ತಿದರೆ ಸಾಕು ಎಂದು ಮಾಲೀಕರು ಬಂದವರಿಗೆಲ್ಲ ತೋರಿಸಿದರು. ಒಳಗೆ ಯಾರದಾದರೂ ಕೈ ಇದೆಯೇ ಎಂದು ನೋಡಿ ಪ್ರೆಸ್ಸನ್ನು ನಿಲ್ಲಿಸುವ ಒಂದು ಉಪಕರಣವೂ ಕೊಳ್ಳಬೇಕಾದ ಸಾಮಾನುಗಳ ಪಟ್ಟಿಯಲ್ಲಿತ್ತು. ಅದನ್ನು ಮಾಲೀಕರು ಮುಂದಿನ ವರ್ಷಕ್ಕೆ ಇಟ್ಟರು. ಏಸಿಯನ್ನು ಮಾತ್ರ ಆ ವರ್ಷವೇ ಹಾಕಿಸಿದರು.

ಪ್ರೋಗ್ರಾಮ್ ಬರೆದವನು ಜಯಸಿಂಹ. ಮೂವತ್ಮೂರು ವರ್ಷದ ಇಂಜಿನಿಯರು, ಬುದ್ಧಿವಂತ, ಸ್ವಲ್ಪ ಅವಸರದ ಮನುಷ್ಯ. ಪ್ರೆಸ್ಸು ಎಷ್ಟು ಕೆಳಗಿಳಿಯಬೇಕು, ಎಷ್ಟು ಒತ್ತಬೇಕು, ಎದ್ದ ಮೇಲೆ ಎಷ್ಟು ಸೆಕೆಂಡು ಕಾಯಬೇಕು, ಇವೆಲ್ಲ ಅಂಕಿಗಳು. ಪ್ರತಿ ಸಲವೂ ಪ್ರೋಗ್ರಾಮಿನ ಹೊಟ್ಟೆ ಬಗೆದು ಅಂಕಿ ಬದಲಾಯಿಸುವುದು ತಲೆನೋವೆಂದು, ಅಂಕಿಗಳನ್ನೆಲ್ಲ ಬೇರೊಂದು ಸಣ್ಣ ಫೈಲಿನಲ್ಲಿ ಇಡುವ ಏರ್ಪಾಟು ಮಾಡಿದ. ಆ ಫೈಲನ್ನು ಓದಿ ಅರ್ಥಮಾಡಿಕೊಳ್ಳುವ ಕೆಲಸಕ್ಕೆ ಯಾರೋ ಮೊದಲೇ ಬರೆದಿಟ್ಟ ಒಂದು ಪುಟ್ಟ ಲೈಬ್ರರಿ ಅವನಿಗೆ ವಿದೇಶಿ ಪತ್ರಿಕೆಯೊಂದರಲ್ಲಿ ಸಿಕ್ಕಿತು. ಲೈಬ್ರರಿ ಎಂದರೆ ಇಲ್ಲಿ ಪುಸ್ತಕದ ಕಪಾಟಲ್ಲ, ಬೇಕಾದವರು ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದಾದ ಸಿದ್ಧ ತುಣುಕುಗಳು. ಪತ್ರಿಕೆಯಲ್ಲಿ ಅಚ್ಚಾಗಿದ್ದ ನೂರನಲವತ್ತು ಸಾಲುಗಳನ್ನು ಒಂದು ಚುಕ್ಕೆಯೂ ತಪ್ಪದಂತೆ ಟೈಪ್ ಮಾಡಿಕೊಟ್ಟವಳು ಭಾನುಮತಿ. ನಾಲ್ಕು ದಿನ ಹಿಡಿಯಿತು. ಒಂದು ಸಾಲೂ ಅವಳಿಗೆ ಅರ್ಥವಾಗಲಿಲ್ಲ, ಒಂದು ಸಾಲೂ ತಪ್ಪಾಗಲಿಲ್ಲ.

“ಇನ್ಮೇಲೆ ಈ ಫೈಲು ನಿಮ್ಮ ಜವಾಬ್ದಾರಿ,” ಎಂದ ಜಯಸಿಂಹ. “ಎಡಗಡೆ ಹೆಸರು, ಮಧ್ಯೆ ಈಕ್ವಲ್ ಟು, ಬಲಗಡೆ ಅಂಕಿ. ಇಷ್ಟು ಗೊತ್ತಿದ್ರೆ ಸಾಕು.”

“ಏನಾದ್ರೂ ತಪ್ಪಾಗಿ ಹೊಡೆದ್ರೆ ಸಾರ್?”

“ಅರ್ಥ ಆಗ್ಲಿಲ್ಲ ಅಂದ್ರೆ ಅದು ಸುಮ್ನಾಗುತ್ತೆ. ಕಂಪ್ಯೂಟರ್ ಏನೂ ಸುಟ್ಟೋಗಲ್ಲ, ಹೆದ್ರಬೇಡಿ.”

ಕಂಪ್ಯೂಟರ್ ಸುಟ್ಟುಹೋಗುವುದೇ ಅವನಿಗೆ ಹೊಳೆದ ದೊಡ್ಡ ಅಪಾಯವಾಗಿತ್ತು.

ನಾಲ್ಕನೇ ಪ್ರೆಸ್ಸಿನ ಮೇಲೆ ಕೆಲಸ ಮಾಡುತ್ತಿದ್ದವನು ಕುಂದಲಹಳ್ಳಿಯ ಆಂಜಿನಪ್ಪ. ಅವನ ಮನೆಯವರ ಹೊಲ ಕಾರ್ಖಾನೆಗಳ ಪಾಲಾದಾಗ ಮನೆಗೊಂದು ಕೆಲಸವೆಂದು ಸಿಕ್ಕಿದ ಕೆಲಸ ಅದು. ಮೂವತ್ತರ ಆಸುಪಾಸು, ಮಾತು ಕಡಿಮೆ, ಕೆಲಸದಲ್ಲಿ ಬಲು ಅಚ್ಚುಕಟ್ಟು. ಹಿಂದೆ ಸಾರಾಯಿ ಅಂಗಡಿಯ ಖಾಯಂ ಗಿರಾಕಿಯಾಗಿದ್ದವನು, ಮಗಳು ಹುಟ್ಟಿದ ವರ್ಷ ಧರ್ಮಸ್ಥಳಕ್ಕೆ ಹೋಗಿ ಇನ್ನು ಮುಟ್ಟುವುದಿಲ್ಲವೆಂದು ಮಂಜುನಾಥಸ್ವಾಮಿಯ ಮುಂದೆ ಆಣೆ ಇಟ್ಟು ಬಂದಿದ್ದ. ಆಮೇಲೆ ಮುಟ್ಟಲಿಲ್ಲ. ಊರಿನಲ್ಲಿ ಅವನ ಮರ್ಯಾದೆಯೆಲ್ಲ ಆ ಒಂದು ಆಣೆಯ ಮೇಲೆ ನಿಂತಿತ್ತು. ಅವನ ತಾಯಿ ಪಿಳ್ಳಮ್ಮ ದಾರಿಯಲ್ಲಿ ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದಳು.

ಏಪ್ರಿಲ್ ತಿಂಗಳ ಒಂದು ದಿನ ಆಂಜಿನಪ್ಪ ಚಪ್ಪಲಿ ಬಿಟ್ಟು ಗಾಜಿನ ಕೋಣೆಯ ಬಾಗಿಲಲ್ಲಿ ನಿಂತ.

“ಅಮ್ಮಾವ್ರೇ, ಆರು ಸೆಕೆಂಡು ಸಾಲ್ದು ಕಣಮ್ಮ. ದೊಡ್ಡ ಮುಚ್ಳ ಅಚ್ಚಿಗೆ ಕಚ್ಕತದೆ. ಎಬ್ಬಿ ತೆಗೆಯೋ ಒತ್ಗೆ ಮ್ಯಾಲ್ಗಡೆಯಿಂದ ಬತ್ತದೆ. ಜೀವ ಝಲ್ ಅಂತದೆ.”

“ಎಷ್ಟು ಬೇಕು ನಿಮಗೆ?”

“ಎಂಟು ಕೊಡಿ. ಎಂಟಾದ್ರೆ ನಾನು ಎಣಿಸ್ಕಂಡು ಮಾಡ್ತೀನಿ.”

ಭಾನುಮತಿ ಫೈಲು ತೆಗೆದು, ಆರನ್ನು ಅಳಿಸಿ ಎಂಟು ಮಾಡಿದಳು. ಅರ್ಧ ನಿಮಿಷದ ಕೆಲಸ. ಆಂಜಿನಪ್ಪ ಹೋಗಿ ಪ್ರೆಸ್ಸು ನಡೆಸಿ ನೋಡಿ, ದೂರದಿಂದಲೇ ಕೈಯೆತ್ತಿ ಮುಗಿದ. ಟೈಪಿಸ್ಟಾಗಿ ಆರು ವರ್ಷ ಬೇರೆಯವರ ಪತ್ರಗಳನ್ನು ಬಡಿದಿದ್ದ ಅವಳಿಗೆ, ತಾನು ಬಡಿದ ಒಂದು ಅಂಕಿಯಿಂದ ಮನುಷ್ಯನೊಬ್ಬನಿಗೆ ನೆಮ್ಮದಿ ಸಿಕ್ಕಿದ್ದು ಅದೇ ಮೊದಲು. ಮನೆಗೆ ಹೋಗಿ ತಂದೆಗೆ ಎರಡು ಸಲ ಹೇಳಿದಳು. ಅಂದಿನಿಂದ ಆಂಜಿನಪ್ಪ ಬಾಯಲ್ಲೇ ಎಂಟು ಎಣಿಸಿಕೊಂಡು ಕೆಲಸ ಮಾಡುತ್ತಿದ್ದ. ತಿಂಗಳೆರಡು ಕಳೆದ ಮೇಲೆ ಎಣಿಸುವುದೂ ಬೇಕಾಗಲಿಲ್ಲ, ಕೈಗೇ ಎಂಟು ತಿಳಿದುಬಿಟ್ಟಿತ್ತು.

ದಸರೆ ಬಂತು. ಆಯುಧಪೂಜೆಯ ದಿನ ಪ್ರೆಸ್ಸುಗಳನ್ನೆಲ್ಲ ತೊಳೆದು, ವಿಭೂತಿ ಬಳಿದು, ಬಾಳೆಕಂದು ಕಟ್ಟಿದರು. ಕಂಪ್ಯೂಟರಿನ ಹಣೆಗೂ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿದರು. ಆ ದಿನ ಯಾರೂ ಏನನ್ನೂ ಬರೆಯುವಂತಿಲ್ಲ, ಓದುವಂತಿಲ್ಲ. ಮಾರನೆಯ ದಿನ ವಿಜಯದಶಮಿ. ಬೆಳಿಗ್ಗೆ ಒಂಬತ್ತೂಕಾಲಿಗೆ ಒಳ್ಳೆಯ ಮುಹೂರ್ತವಿದೆ, ಒಂದು ಮುಚ್ಚಳ ಒತ್ತಿ ಹೊಸ ವರ್ಷದ ಕೆಲಸ ಶುರುಮಾಡೋಣ, ಆಮೇಲೆ ಎಲ್ಲರೂ ಮನೆಗೆ ಹೋಗಬಹುದು ಎಂದು ಮಾಲೀಕರು ಹೇಳಿದ್ದರು.

ಎಂಟೂವರೆಗೆ ಭಾನುಮತಿ ಹೊಸ ಸೀರೆಯುಟ್ಟು ಕಂಪ್ಯೂಟರಿನ ಮುಂದೆ ಕೂತಳು. ಸರಸ್ವತಿಯ ಮುಂದಿಟ್ಟ ಪುಸ್ತಕವನ್ನು ಎತ್ತಿಕೊಂಡು ಮೊದಲ ಅಕ್ಷರ ಬರೆಯುವ ದಿನ. ಅವಳ ಪಾಲಿಗೆ ಪುಸ್ತಕವೆಂದರೆ ಆ ಫೈಲು. ತೆರೆದಳು. ಕಂಪ್ಯೂಟರಿನಲ್ಲಿ ಕನ್ನಡವಿರಲಿಲ್ಲ. ಎಲ್ಲಕ್ಕಿಂತ ಮೇಲೆ ಒಂದು ಖಾಲಿ ಸಾಲು ಮಾಡಿಕೊಂಡು ಇಂಗ್ಲಿಷಿನಲ್ಲೇ ಎಸ್, ಆರ್, ಐ ಎಂದು ಮೂರು ಅಕ್ಷರ ಹೊಡೆದಳು. ಉಳಿದ ಸಾಲುಗಳು ಇದ್ದ ಹಾಗೆಯೇ ಇದ್ದವು, ಎಂಟು ಎಂಟಾಗಿಯೇ ಇತ್ತು. ಅದನ್ನು ಪ್ರಿಂಟ್ ತೆಗೆದು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ದೇವರ ಪಟದ ಮುಂದಿಟ್ಟು ಕೈಮುಗಿದಳು. ಎಲ್ಲರಿಗೂ ಒಳ್ಳೆಯದಾಗಲಿ ಎಂದೇ ಅವಳು ಬೇಡಿಕೊಂಡದ್ದು.

ಗೇಟಿನಲ್ಲಿ ಕುಂಬಳಕಾಯಿ ಒಡೆದರು. ನಾಲ್ಕನೇ ಪ್ರೆಸ್ಸಿನ ಸುತ್ತ ಎಲ್ಲರೂ ಸೇರಿದರು. ಆಂಜಿನಪ್ಪ ಬಿಳಿ ಪಂಚೆಯುಟ್ಟು ಬಂದಿದ್ದ. ಅವನು ತಗಡು ಇಟ್ಟ. ಒಂಬತ್ತೂಕಾಲಿಗೆ ಸರಿಯಾಗಿ ಮಾಲೀಕರು ತಮ್ಮ ಕೈಯಿಂದಲೇ ಬಟನ್ ಒತ್ತಿದರು. ಪ್ರೆಸ್ಸು ಇಳಿಯಿತು, ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲ ಮುಚ್ಚಳವನ್ನು ತಟ್ಟೆಯಲ್ಲಿಟ್ಟು ದೇವರಿಗೆ ತೋರಿಸಬೇಕು. ಆಂಜಿನಪ್ಪ ಎಂದಿನಂತೆ ಬಲಗೈ ಒಳಗೆ ಹಾಕಿ ಮುಚ್ಚಳ ಎಬ್ಬತೊಡಗಿದ. ಎರಡು ಸೆಕೆಂಡಿಗೆ ಪ್ರೆಸ್ಸು ಮತ್ತೆ ಇಳಿಯಿತು.

ಆಮೇಲಿನದನ್ನು ಭಾನುಮತಿ ಯಾರಿಗೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಬಲಗೈ ಮಣಿಕಟ್ಟಿನಿಂದ ಆಚೆಗೆ ಉಳಿಯಲಿಲ್ಲ.

ಮಧ್ಯಾಹ್ನ ಜಯಸಿಂಹನನ್ನು ಮನೆಯಿಂದ ಕರೆಸಿದರು. ಅವನು ಹಬ್ಬದ ಬಟ್ಟೆಯಲ್ಲೇ ಬಂದು ಕಂಪ್ಯೂಟರಿನ ಮುಂದೆ ಕೂತು ಫೈಲು ತೆರೆದ. ಮೇಲಿನ ಸಾಲು ನೋಡಿದ ಕೂಡಲೇ ಅವನ ಮುಖ ಬಿಳುಚಿಕೊಂಡಿತು.

“ಇದನ್ನ ಯಾರು ಹಾಕಿದ್ದು?”

“ನಾನೇ ಸಾರ್. ವಿಜಯದಶಮಿ ಅಲ್ವಾ ಅಂತ.”

ಅವನು ಮೆಲ್ಲನೆ ಹೇಳಿದ. ಈಕ್ವಲ್ ಟು ಇಲ್ಲದ ಸಾಲು ಸಿಕ್ಕಿದರೆ, ಫೈಲು ಅಲ್ಲಿಗೆ ಮುಗಿಯಿತೆಂದು ಲೈಬ್ರರಿ ಓದುವುದನ್ನು ನಿಲ್ಲಿಸಿಬಿಡುತ್ತದೆ. ಮೊದಲ ಸಾಲಿನಲ್ಲೇ ನಿಲ್ಲಿಸಿದೆ. ಕೆಳಗಿನ ಎಂಟು ಅದರ ಕಣ್ಣಿಗೆ ಬಿದ್ದೇ ಇಲ್ಲ. ಫೈಲಿನಲ್ಲಿ ಅಂಕಿ ಸಿಗದಿದ್ದರೆ ಬಳಸುವುದಕ್ಕೆಂದು ಪ್ರೋಗ್ರಾಮಿನೊಳಗೆ ಒಂದು ಅಂಕಿ ಇರುತ್ತದೆ, ಅದನ್ನು ತೆಗೆದುಕೊಂಡಿದೆ. ಅದು ಎರಡು. ಶುರುವಿನಲ್ಲಿ ತಗಡಿಲ್ಲದೆ, ಆಳಿಲ್ಲದೆ, ಖಾಲಿ ಪ್ರೆಸ್ಸನ್ನು ಪರೀಕ್ಷೆ ಮಾಡುವಾಗ ಬೇಗ ಮುಗಿಯಲೆಂದು ಜಯಸಿಂಹ ಹಾಕಿದ್ದ ಎರಡು. ಬದಲಾಯಿಸಬೇಕೆಂದುಕೊಂಡು ಮರೆತಿದ್ದ.

“ಅರ್ಥ ಆಗದಿದ್ರೆ ಅದು ಹೇಳೋದಿಲ್ವಾ ಸಾರ್?”

“ಹೇಳೋ ತುಣುಕು ಅದ್ರಲ್ಲೇ ಇದೆ. ನೀವೇ ಟೈಪ್ ಮಾಡಿದೀರ. ಇಂಥ ಸಾಲು ತಿಳೀಲಿಲ್ಲ ಅಂತ ತೋರ್ಸಿ ನಿಂತ್ಕೊಳ್ಳುತ್ತೆ. ನಾನು ನಮ್ಮ ಪ್ರೋಗ್ರಾಮಿಂದ ಅದನ್ನ ಕರೀಲಿಲ್ಲ, ಅಂದ್ರೆ ಬಳಸ್ಲೇ ಇಲ್ಲ. ಒಂದು ಸಾಲು ಸೇರಿಸ್ಬೇಕಿತ್ತು, ಅಷ್ಟೇ.”

ಹೀಗೆಂದು ಅವನು ಮೇಲಿನ ಸಾಲನ್ನು ಅಳಿಸಿ ಫೈಲನ್ನು ಉಳಿಸಿದ.

“ಭಾನುಮತಿಯವರೇ, ಇದು ಈ ರೂಮಿಂದ ಆಚೆ ಹೋಗ್ಬಾರ್ದು. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ.”

ನಿಮ್ಮ ಒಳ್ಳೆಯದಕ್ಕೆ ಎನ್ನುವವರು ಸಾಮಾನ್ಯವಾಗಿ ಯಾರ ಒಳ್ಳೆಯದನ್ನು ನೋಡುತ್ತಾರೆಂದು ಓದುವವರಿಗೆ ಗೊತ್ತೇ ಇದೆ. ಆದರೆ ಭಾನುಮತಿಗೆ ಆ ಹೊತ್ತಿಗೆ ಅದು ಹೊಳೆಯಲಿಲ್ಲ. ಅವಳು ತಲೆಯಾಡಿಸಿದಳು.

ಮೂರು ದಿನದಲ್ಲಿ ಕಾರ್ಖಾನೆಯವರು ತಮ್ಮ ವರದಿ ಸಿದ್ಧಪಡಿಸಿದರು. ಅದನ್ನು ಟೈಪ್ ಮಾಡಲು ಕೊಟ್ಟದ್ದು ಭಾನುಮತಿಯ ಕೈಗೇ. ಕೆಲಸಗಾರ ಆಂಜಿನಪ್ಪ ಹಬ್ಬದ ರಾತ್ರಿ ಮದ್ಯಪಾನ ಮಾಡಿದ್ದು, ಬೆಳಿಗ್ಗೆ ಅಮಲು ಇಳಿಯದ ಸ್ಥಿತಿಯಲ್ಲಿ ಚಾಲನೆಯಲ್ಲಿದ್ದ ಯಂತ್ರದೊಳಗೆ ಕೈ ಇಟ್ಟಿರುತ್ತಾನೆ. ಕೆಳಗೆ ನಾಲ್ವರ ಸಹಿ. ಆ ನಾಲ್ವರೂ ಆ ಬೆಳಿಗ್ಗೆ ಚಪ್ಪಾಳೆ ತಟ್ಟಿದವರೇ. ಬಟನ್ ಒತ್ತಿದವರು ಯಾರೆಂದು ವರದಿಯಲ್ಲಿ ಎಲ್ಲೂ ಇರಲಿಲ್ಲ. ಭಾನುಮತಿ ಅದನ್ನು ಮೂರು ಪ್ರತಿ ಟೈಪ್ ಮಾಡಿಕೊಟ್ಟಳು. ಅವಳ ಬದುಕಿನಲ್ಲಿ ಆ ಒಂದು ದಿನ ಅವಳು ಹಾಳೆಯ ಮೇಲೆ ಶ್ರೀ ಬರೆಯದೆ ಟೈಪ್ ಮಾಡಿದಳು, ತಾನೇಕೆ ಹಾಗೆ ಮಾಡಿದೆನೆಂದು ಅವಳಿಗೂ ತಿಳಿಯಲಿಲ್ಲ.

ಆ ಭಾನುವಾರ ಅವಳು ಆಸ್ಪತ್ರೆಗೆ ಹೋದಳು. ಆಂಜಿನಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ, ಮಾತಾಡಲಿಲ್ಲ. ಮಾತಾಡಿದವಳು ಪಿಳ್ಳಮ್ಮ. ಮಗನಿಗೆ ಕೇಳಿಸಬಾರದೆಂದು ಭಾನುಮತಿಯನ್ನು ವರಾಂಡಕ್ಕೆ ಕರೆದುಕೊಂಡು ಹೋದಳು.

“ಊರಾಗೆ ಏನಂತಾವ್ರೆ ಗೊತ್ತೇನವ್ವ? ಮಂಜುನಾಥನ ಮುಂದೆ ಆಣೆ ಇಕ್ಕಿ ಬಂದು ಕುಡ್ದ, ಅದ್ಕೇ ಸ್ವಾಮಿ ಅದೇ ಕೈ ತಕ್ಕಂಡ ಅಂತಾವ್ರೆ. ನೀರಿಗೆ ಓದ್ರೆ ಎಂಗಸ್ರು ಮಾತು ನಿಲ್ಲಿಸ್ತಾರೆ. ಫ್ಯಾಕ್ಟ್ರೀಯೋರೇ ಬರ್ದವ್ರಂತಲ್ಲ, ಅಂದ್ಮೇಲೆ ದಿಟ ಅಂತಾರೆ.”

“ಅವರು ಕುಡಿದಿರಲಿಲ್ಲ ಅಮ್ಮ. ನನಗೆ ಗೊತ್ತು.”

“ನಿಂಗೆ ಗೊತ್ತು, ನಂಗೆ ಗೊತ್ತು. ಯಾರ್ಗೇಳಾನ? ಕೈ ಓದ್ರೆ ಓಗ್ಲಿ ಕಣವ್ವ, ಒಂದ್ ಕೈಯಾಗೇ ಬದುಕ್ಕಂತಾನೆ. ಆಣೆ ಮುರ್ದೋನು ಅಂತ ಎಸರು ಬಂದ್ರೆ ನನ್ ಮಗ ಬದುಕಾಕಿಲ್ಲ. ನೆನ್ನೆ ಬಾವಿ ಎಷ್ಟ್ ಆಳ ಅದೆ ಅಂತ ಕೇಳ್ತಿದ್ದ.”

ಭಾನುಮತಿ ಅಲ್ಲೇ ಗೋಡೆಗೆ ಒರಗಿ ನಿಂತಳು. ತಪ್ಪು ತನ್ನದೆಂದು ಆ ಮುದುಕಿಯ ಮುಂದೆ ಹೇಳಲು ಅವಳಿಗೆ ಧೈರ್ಯವಾಗಲಿಲ್ಲ.

ಮನೆಗೆ ಬಂದು ತಂದೆಗೆ ಎಲ್ಲವನ್ನೂ ಹೇಳಿದಳು. ಕೃಷ್ಣಸ್ವಾಮಿಯವರು ಸಂಧ್ಯಾವಂದನೆ ಮುಗಿಸಿ ಕೂತಿದ್ದವರು, ಕೇಳುತ್ತ ಕೇಳುತ್ತ ಸಿಡಿಮಿಡಿಗೊಂಡರು.

“ಶ್ರೀ ಬರೆದದ್ದಕ್ಕೆ ಯಾರಿಗಾದ್ರೂ ಕೆಟ್ಟದ್ದಾಗುತ್ತೇನೆ? ನೀನು ಬೇರೆ ಏನೋ ತಪ್ಪು ಮಾಡಿರ್ತೀಯ.”

“ಬೇರೆ ಏನೂ ಮಾಡಿಲ್ಲ ಅಪ್ಪ. ಅದೊಂದೇ ಸಾಲು.”

“ಹಾಗಾದ್ರೆ ಆ ಯಂತ್ರದ್ದು ತಪ್ಪು. ಈ ಮಾತನ್ನ ಇನ್ನೊಬ್ಬರ ಹತ್ರ ಎತ್ತಬೇಡ. ದೇವರ ಹೆಸರನ್ನ ಪೊಲೀಸು ಕೋರ್ಟು ಅಂತ ಎಳೀಬೇಡ. ನಿನ್ನ ಕೆಲಸವೂ ಹೋಗುತ್ತೆ, ನಾಳೆ ನಿನ್ನನ್ನ ಯಾರು ಮದುವೆಯಾಗ್ತಾರೆ?”

ಆ ಮನೆಯಲ್ಲಿ ಅಪ್ಪನ ಮಾತಿಗೆ ಎದುರಾಡುವ ಪದ್ಧತಿ ಇರಲಿಲ್ಲ. ಅವರೇನೂ ಕೆಟ್ಟವರಲ್ಲ. ಅರವತ್ತು ವರ್ಷ ಕಣ್ಣಿಗೊತ್ತಿಕೊಂಡು ಬರೆದ ಅಕ್ಷರ ಒಬ್ಬನ ಕೈ ತೆಗೆಯಿತೆಂದು ಮಗಳು ಬಂದು ಹೇಳಿದರೆ ಯಾವ ತಂದೆಗೆ ಸಹಿಸೀತು? ಆದರೆ ಅವರು ಆಂಜಿನಪ್ಪ ಹೇಗಿದ್ದಾನೆಂದು ಒಂದು ಸಲವೂ ಕೇಳಲಿಲ್ಲ. ಭಾನುಮತಿಗೆ ನೋವಾದದ್ದು ಅದಕ್ಕೆ. ಅಪ್ಪನ ಮೇಲೆ ಅವಳಿಗೆ ಮೊದಲ ಸಲ ಸಿಟ್ಟು ಬಂತು.

ಹನ್ನೊಂದನೆಯ ದಿನ ಫ್ಯಾಕ್ಟರಿ ಇನ್ಸ್‌ಪೆಕ್ಟರು ತನಿಖೆಗೆ ಬಂದರು. ತಲೆ ನರೆತ, ಕನ್ನಡಕದ ಮನುಷ್ಯ. ಮಾಲೀಕರ ಕೋಣೆಯಲ್ಲಿ ಎಳನೀರು ಕುಡಿಯುತ್ತ ವರದಿ ಓದಿದರು. ಭಾನುಮತಿಯನ್ನು ಕರೆದದ್ದು ಹೇಳಿಕೆಗಳನ್ನು ಟೈಪ್ ಮಾಡಿಕೊಳ್ಳಲು. ನಾಲ್ವರು ಬಂದು ನಾಲ್ಕು ಸಲ ಒಂದೇ ಮಾತು ಹೇಳಿದರು. ನಾಲ್ಕನೆಯವನು ಹೋದ ಮೇಲೆ ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ಹಾಕಲು ಹೊರಟರು.

“ಸಾರ್, ನನ್ನದೂ ಒಂದು ಹೇಳಿಕೆ ಇದೆ,” ಎಂದಳು ಭಾನುಮತಿ. “ಅವರು ಕುಡಿದಿರಲಿಲ್ಲ. ತಪ್ಪು ನನ್ನದು.”

ಮಾಲೀಕರು ನಕ್ಕರು. “ಹುಡುಗಿ ಹೆದರಿಬಿಟ್ಟಿದ್ದಾಳೆ ಸಾರ್. ಆ ದಿನದಿಂದ ಹೀಗೇ.”

ಅವಳು ಬ್ಯಾಗಿನಿಂದ ಅರಿಶಿನ ಹಚ್ಚಿದ ಆ ಪ್ರಿಂಟನ್ನು ತೆಗೆದು ಮೇಜಿನ ಮೇಲಿಟ್ಟಳು. ವಿಜಯದಶಮಿಯ ತಾರೀಕು, ಸಮಯ ಎರಡೂ ಅದರಲ್ಲಿದ್ದವು. ಇನ್ಸ್‌ಪೆಕ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಶ್ರೀ ಅಂತಿದೆ. ಇದರಲ್ಲಿ ತಪ್ಪೇನಮ್ಮ? ನಾನೂ ಬರೀತೀನಿ.”

“ಮಾತಲ್ಲಿ ಹೇಳಿದ್ರೆ ನಿಮಗೆ ನಂಬಿಕೆ ಬರಲ್ಲ ಸಾರ್. ಪ್ರೆಸ್ಸಿನ ಹತ್ರ ಬನ್ನಿ, ತೋರಿಸ್ತೀನಿ.”

ಇನ್ಸ್‌ಪೆಕ್ಟರು ಒಂದು ಗಳಿಗೆ ಯೋಚಿಸಿ ಎದ್ದರು. ಆ ಮನುಷ್ಯ ಎದ್ದದ್ದೇ ದೊಡ್ಡದು. ಏಳದೆ ಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮೊದಲು ಫೈಲು ಇದ್ದ ಹಾಗೆಯೇ ಪ್ರೆಸ್ಸು ನಡೆಸಿದರು. ಇನ್ಸ್‌ಪೆಕ್ಟರು ಗಡಿಯಾರ ಹಿಡಿದರು. ಪ್ರೆಸ್ಸು ಇಳಿದು, ಎದ್ದು, ಎಂಟು ಸೆಕೆಂಡು ಕಾದು, ಮತ್ತೆ ಇಳಿಯಿತು. ನಿಲ್ಲಿಸಿದರು. ಭಾನುಮತಿ ಗಾಜಿನ ಕೋಣೆಗೆ ಹೋಗಿ, ಎಲ್ಲರೂ ನೋಡುತ್ತಿರುವಂತೆ ಮೇಲಿನ ಸಾಲಿನಲ್ಲಿ ಆ ಮೂರು ಅಕ್ಷರ ಹೊಡೆದಳು. ಎರಡು ಸಲ ತಪ್ಪು ಹೊಡೆದು ಅಳಿಸಿದಳು. ಪ್ಯಾಕಿಂಗ್ ಪೆಟ್ಟಿಗೆಯ ಉದ್ದನೆಯ ಹಲಗೆಯೊಂದನ್ನು ಹಿಡಿದು ಇನ್ಸ್‌ಪೆಕ್ಟರು ಪ್ರೆಸ್ಸಿನ ಮುಂದೆ ನಿಂತರು. ಬಟನ್ ಒತ್ತಿದರು. ಇಳಿಯಿತು, ಎದ್ದಿತು. ಹಲಗೆಯ ತುದಿಯನ್ನು ಒಳಗೆ ತೂರಿಸಿದರು. ಅವರು ‘ಒಂದು, ಎರಡು’ ಎನ್ನುವಷ್ಟರಲ್ಲಿ ಅಚ್ಚು ಬಂದು ಹಲಗೆಯನ್ನು ಕತ್ತರಿಸಿತು, ಚೂರು ಅವರ ಕಾಲ ಮೇಲೆ ಬಿತ್ತು.

ಸಹಿ ಹಾಕಿದ ನಾಲ್ವರಲ್ಲಿ ಒಬ್ಬ ಅಲ್ಲೇ ಕೂತು ಅತ್ತುಬಿಟ್ಟ.

“ಈ ಪ್ರೋಗ್ರಾಮ್ ಬರೆದವರು ಯಾರು?” ಎಂದರು ಇನ್ಸ್‌ಪೆಕ್ಟರು.

ಜಯಸಿಂಹ ಮುಂದೆ ಬಂದ.

“ಈಯಮ್ಮ ಹೇಳೋದು ನಿಜವೇನ್ರಿ?”

“ನಿಜ ಸಾರ್,” ಎಂದ ಅವನು, ನೆಲ ನೋಡುತ್ತ. ಆ ಎರಡು ಎನ್ನುವ ಅಂಕಿ ಎಲ್ಲಿಂದ ಬಂತೆಂದು ಅವನು ಹೇಳಲಿಲ್ಲ. ತುಣುಕನ್ನು ಕರೆಯದೆ ಬಿಟ್ಟದ್ದನ್ನೂ ಹೇಳಲಿಲ್ಲ. ಇನ್ಸ್‌ಪೆಕ್ಟರಿಗೆ ಅದನ್ನು ಕೇಳಬೇಕೆಂದು ತಿಳಿಯಲಿಲ್ಲ. ಭಾನುಮತಿ ಅವನ ಮುಖವನ್ನೇ ನೋಡುತ್ತ ಕಾದಳು. ಆಮೇಲೆ ಆ ಎರಡೂ ವಿಷಯಗಳನ್ನು ತಾನೇ ಹೇಳಿದಳು. ಇನ್ಸ್‌ಪೆಕ್ಟರು ಅರ್ಧ ಬರೆದುಕೊಂಡರು, ಅರ್ಧ ಅರ್ಥವಾಗದೆ ಬಿಟ್ಟರು.

ತಿಂಗಳಾದ ಮೇಲೆ ಆದೇಶ ಬಂತು. ಕೆಲಸಗಾರ ಆಂಜಿನಪ್ಪ ಮದ್ಯ ಸೇವಿಸಿರಲಿಲ್ಲ, ಅವನ ಕಡೆಯಿಂದ ಯಾವ ತಪ್ಪೂ ನಡೆದಿಲ್ಲ. ಯಂತ್ರದ ಕಾಯುವ ಅವಧಿ ಬದಲಾದದ್ದೇ ಅಪಘಾತಕ್ಕೆ ಕಾರಣ. ಕಂಪ್ಯೂಟರ್ ಫೈಲಿನಲ್ಲಿ ಟೈಪಿಸ್ಟ್ ಕುಮಾರಿ ಭಾನುಮತಿಯವರು ಸಂಬಂಧವಿಲ್ಲದ ಬರಹ ಸೇರಿಸಿದ್ದರಿಂದ ಅವಧಿ ಬದಲಾಯಿತು. ಕೈ ಗುರುತಿಸಿ ನಿಲ್ಲುವ ಉಪಕರಣವನ್ನು ಆರು ತಿಂಗಳೊಳಗೆ ಅಳವಡಿಸತಕ್ಕದ್ದು. ಆರು ತಿಂಗಳಾದ ಮೇಲೆ ಅದನ್ನು ನೋಡಲು ಯಾರೂ ಬರಲಿಲ್ಲ. ಮಾಲೀಕರಿಗೆ ಆ ಆದೇಶ ಓದಿ ಬೇಸರವೇನೂ ಆಗಲಿಲ್ಲ. ಬಟನ್ ಒತ್ತಿದ ಬೆರಳಿನ ವಿಷಯ ಅದರಲ್ಲೂ ಇರಲಿಲ್ಲ. ಆಂಜಿನಪ್ಪನನ್ನು ಗೇಟಿನ ಕಾವಲಿಗೆ ಹಾಕಿಕೊಂಡು ದಯಾಳುಗಳೆನಿಸಿಕೊಂಡರು, ಭಾನುಮತಿಯನ್ನು ಅದೇ ವಾರ ಕೆಲಸದಿಂದ ತೆಗೆದರು. ಜಯಸಿಂಹ ಪ್ರೋಗ್ರಾಮಿಗೆ ಆ ಒಂದು ಸಾಲು ಸೇರಿಸಿದ. ಅದಕ್ಕೆ ಐದು ನಿಮಿಷ ಹಿಡಿಯಿತಂತೆ. ಮುಂದಿನ ಬೇಸಿಗೆಗೆ ಅವನು ಎಲೆಕ್ಟ್ರಾನಿಕ್ ಸಿಟಿಯ ಕಡೆ ದೊಡ್ಡ ಕೆಲಸ ಹಿಡಿದು ಹೋದ.

ಮನೆಯಲ್ಲಿ ಕೃಷ್ಣಸ್ವಾಮಿಯವರು ಮಗಳೊಂದಿಗೆ ಮಾತು ಕಡಿಮೆ ಮಾಡಿದರು. ಅವಳ ತಾಯಿ ಸೀತಾಲಕ್ಷ್ಮಿ ಮಾತ್ರ ಒಂದು ದಿನ ಅಡುಗೆಮನೆಯಲ್ಲಿ, ಬೆನ್ನು ತಿರುಗಿಸಿಕೊಂಡೇ, “ನೀನು ಮಾಡಿದ್ದು ಸರಿ ಕಣೇ,” ಎಂದರು. ಅದನ್ನು ಗಂಡನ ಎದುರು ಅವರು ಎಂದೂ ಹೇಳಲಿಲ್ಲ.

ಬೇರೆ ಕಡೆ ಕೆಲಸ ಕೇಳಲು ಹೋದಲ್ಲೆಲ್ಲ ಅನುಭವದ ಸರ್ಟಿಫಿಕೇಟು ಕೇಳಿದರು. ಏಪ್ರಿಲಿನ ಒಂದು ಬೆಳಿಗ್ಗೆ ಭಾನುಮತಿ ಅದಕ್ಕಾಗಿ ಹೂಡಿಗೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳ ಮನಸ್ಸಿನಲ್ಲಿದ್ದದ್ದು ಸರ್ಟಿಫಿಕೇಟಲ್ಲ. ಆಂಜಿನಪ್ಪನನ್ನು ಆಸ್ಪತ್ರೆಯ ಆ ದಿನದ ಮೇಲೆ ಅವಳು ನೋಡಿರಲಿಲ್ಲ. ಅವನು ಒಂದು ಒಳ್ಳೆಯ ಮಾತಾಡಿದರೆ ಸಾಕು, ತನ್ನ ಎದೆಯ ಭಾರ ಇಳಿಯುತ್ತದೆಂದು ಆಸೆಪಟ್ಟುಕೊಂಡಿದ್ದಳು.

ಅವನು ಗೇಟಿನಲ್ಲೇ ಇದ್ದ. ಖಾಕಿ ಷರಟು, ಅದರ ಬಲತೋಳಿನ ತುದಿಯನ್ನು ಮಡಿಸಿ ಪಿನ್ನು ಹಾಕಿತ್ತು. ಅವನ ಮುಂದೆ, ಬಂದವರ ಹೆಸರು ಬರೆಯುವ ಪುಸ್ತಕ. ಅವಳನ್ನು ನೋಡಿದ, ಮುಖದಲ್ಲಿ ಏನೂ ತೋರಲಿಲ್ಲ.

“ಎಸರು?” ಎಂದ.

“ಭಾನುಮತಿ.”

ಎಡಗೈಯಲ್ಲಿ ಪೆನ್ನು ಹಿಡಿದು ಒಂದೊಂದೇ ಅಕ್ಷರ ಕೊರೆದು ಬರೆದ. ಬಹಳ ಹೊತ್ತಾಯಿತು. ಅವಳು ನೋಡುತ್ತ ನಿಂತಳು. ಬರೆದಾದ ಮೇಲೆ ಅವನು ಪುಸ್ತಕ ಮುಚ್ಚಿ, ಮೊದಲ ಸಲ ಅವಳ ಮುಖ ನೋಡಿ ಮಾತಾಡಿದ.

“ಊರಾಗೆ ಈಗ ಯಾರೂ ಆಣೆ ಮುರ್ದೋನು ಅನ್ನಲ್ಲ ಅಮ್ಮಾವ್ರೇ. ಆ ಕಾಗ್ದವ ಪಂಚಾಯ್ತಿ ಕಟ್ಟೆ ಮ್ಯಾಲೆ ಓದ್ಸುದ್ರು. ನಮ್ಮವ್ವ ಮೂರ್ ದಿನ ಅತ್ಲು. ನೀವಲ್ದೆ ಬ್ಯಾರೆ ಯಾರೂ ಅದ ಮಾಡ್ತಿರ್ಲಿಲ್ಲ. ಅದು ನಂಗೊತ್ತು, ಸಾಯೋಗಂಟ ಮರೆಯಾಕಿಲ್ಲ.”

“ಆಂಜಿನಪ್ಪನವರೇ, ನನ್ನಿಂದ—”

“ನಿಲ್ಲಿ, ನಾನ್ ಮುಗ್ಸಿಲ್ಲ.” ಅವನ ಧ್ವನಿ ಏರಲಿಲ್ಲ. “ಬೆಳಿಗ್ಗೆ ಮಗ್ಳು ಇಸ್ಕೂಲ್ಗೆ ಓಗೋವಾಗ ಅಂಗಿ ಗುಂಡಿ ಆಕಪ್ಪ ಅಂತ ಬತ್ತಾಳೆ. ಒಂದ್ ಕೈಯಾಗೆ ಆಗಲ್ಲ. ಆಗ್ದಿದ್ದಾಗ ನಿಮ್ ಎಸ್ರೇ ಬಾಯಿಗ್ ಬತ್ತದೆ. ಬೈಬಾರ್ದು ಅಂತೀನಿ, ತಡೀತೀನಿ, ಆದ್ರೂ ಬತ್ತದೆ. ದಿನಾ ಬೈತೀನಿ ಅಮ್ಮಾವ್ರೇ. ಮಾಲೀಕ್ರನ್ನ ಬಯ್ಯಾಕೆ ಬಾಯಿ ಬರಲ್ಲ, ಅವರ ಅನ್ನ ತಿಂತೀನಿ. ನಿಮ್ಮನ್ನೇ ಬೈತೀನಿ.”

ಭಾನುಮತಿ ತಲೆ ತಗ್ಗಿಸಿದಳು.

“ಸರ್ಟಿಪಿಕೇಟು ಈಸ್ಕಂಡು ಓಗ್ಬುಡಿ. ಇನ್ನೊಂದ್ ದಪ ಈ ಕಡೀಕೆ ಬರ್ಬ್ಯಾಡಿ. ಬಂದ್ರೆ ನಂಗೆ ಕೈಯೂ ಮುಗ್ಯಾಕಾಗಲ್ಲ, ಬಯ್ಯಾಕೂ ಆಗಲ್ಲ.”

“ಬರಲ್ಲ,” ಎಂದಳು ಭಾನುಮತಿ. ಅವನು ಭುಜ ಕೊಟ್ಟು ಗೇಟು ತಳ್ಳಿ, ಅವಳಿಗೆ ದಾರಿ ಬಿಟ್ಟ.